ಏನನ್ನೂ ನೆನಪಿಟ್ಕೊಳ್ಳದ ಸರ್ವರ್

ಒಂದು ವೆಬ್‌ಸೈಟ್ ಮೂರು ಸರ್ವರ್‌ಗಳ ಮೇಲೆ ಓಡ್ತಾ ಇದೆ ಅಂದ್ಕೊಳ್ಳಿ. ಗ್ರಾಹಕರೊಬ್ಬರು ಫೋಟೋ ಅಪ್‌ಲೋಡ್ ಮಾಡಿದ್ರು, ಅದು ಮೊದಲನೇ ಸರ್ವರ್‌ನ ಡಿಸ್ಕ್‌ಗೆ ಹೋಗಿ ಕೂತ್ಕೊಳ್ತು. ಪೇಜ್ ರಿಫ್ರೆಶ್ ಮಾಡಿದಾಗ ಕೆಲಸ ಹಂಚೋ ಲೋಡ್ ಬ್ಯಾಲೆನ್ಸರ್ ಅವರನ್ನ ಎರಡನೇ ಸರ್ವರ್‌ಗೆ ಕಳಿಸ್ತು. ನೋಡಿದ್ರೆ ಅಲ್ಲಿ ಫೋಟೋನೇ ಇಲ್ಲ!

ಇದಕ್ಕೆ ಇವತ್ತಿಗೂ ಬಳಕೆಯಲ್ಲಿರೋ ಹಳೇ ಮದ್ದು ಎನ್‌ಎಫ್‌ಎಸ್, ಅಂದ್ರೆ ನೆಟ್‌ವರ್ಕ್ ಫೈಲ್ ಸಿಸ್ಟಮ್. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಟ್ಟಿದ್ದು. ಫೈಲ್‌ಗಳೆಲ್ಲ ಒಂದೇ ಸ್ಟೋರೇಜ್ ಸರ್ವರ್‌ನಲ್ಲಿರತ್ತೆ. ಯಾವ ಫೋಲ್ಡರ್ ಯಾರಿಗೆ ಅಂತ ಅಲ್ಲಿ ‘ಎಕ್ಸ್‌ಪೋರ್ಟ್ಸ್’ ಫೈಲ್‌ನಲ್ಲಿ ಬರೀತೀವಿ. ಮೂರೂ ವೆಬ್ ಸರ್ವರ್‌ಗಳು ಆ ಫೋಲ್ಡರನ್ನ ಮೌಂಟ್ ಮಾಡ್ಕೊಳ್ತವೆ. ಆಮೇಲೆ ನಿಮ್ಮ ಪ್ರೋಗ್ರಾಂ ಪಾಲಿಗೆ ಅದು ಮಾಮೂಲಿ ಫೋಲ್ಡರ್, ಅಷ್ಟೇ.

ಸನ್ ಎಂಜಿನಿಯರ್‌ಗಳ ಜಾಣತನ ಇದ್ದದ್ದು, ಮೊದಲ ಆವೃತ್ತಿಗಳಲ್ಲಿ ಸರ್ವರ್ ಏನನ್ನೂ ನೆನಪಿಟ್ಕೊಳ್ಳದೇ ಇರೋದ್ರಲ್ಲಿ. ಉದ್ರಿ ಪುಸ್ತಕ ಇಲ್ಲದ ಅಂಗಡಿ ಇದ್ದ ಹಾಗೆ. ಯಾರು ಯಾವ ಫೈಲ್ ತೆರೆದಿದ್ದಾರೆ, ಎಲ್ಲಿವರೆಗೆ ಓದಿದ್ದಾರೆ ಅನ್ನೋ ಲೆಕ್ಕ ಇಡಲ್ಲ. ಈ ಫೈಲು, ಇಷ್ಟನೇ ಬೈಟ್‌ನಿಂದ, ಇಷ್ಟು ಬೈಟ್ ಕೊಡು ಅಂತ ಕ್ಲೈಂಟೇ ಪ್ರತಿ ಸಲ ಪೂರ್ತಿ ಹೇಳ್ಬೇಕು. ಹಾಗಾಗಿ ಸರ್ವರ್ ಬಿದ್ದು ಎದ್ದರೂ ಹಳೇ ಲೆಕ್ಕ ಕಳೆದುಹೋಯ್ತು ಅನ್ನೋ ಗೋಳಿಲ್ಲ. ಕ್ಲೈಂಟ್ ಅದೇ ಪ್ರಶ್ನೆನ ಇನ್ನೊಂದ್ಸಲ ಕೇಳತ್ತೆ.

ಎಷ್ಟು ಸಲ ಕೇಳಬೇಕು? ಅದು ನಿಮ್ಮ ಆಯ್ಕೆ. ‘ಹಾರ್ಡ್ ಮೌಂಟ್’ ಆದ್ರೆ ಸರ್ವರ್ ಬರೋವರೆಗೂ ಕಾಯತ್ತೆ, ಅಲ್ಲಿವರೆಗೆ ಪ್ರೋಗ್ರಾಂ ಹ್ಯಾಂಗ್ ಆಗಿರತ್ತೆ. ‘ಸಾಫ್ಟ್ ಮೌಂಟ್’ ಕೆಲವು ಸಲ ಕೇಳಿ, ಎರರ್ ಕೊಟ್ಟು ಕೈಚೆಲ್ಲತ್ತೆ. ಬರೀತಾ ಇದ್ದ ಡೇಟಾ ಆಗ ಕೆಡಬಹುದು. ಅದಕ್ಕೇ ಬರೆಯೋ ಕೆಲಸ ಇದ್ದಲ್ಲಿ ಹಾರ್ಡ್ ಮೌಂಟೇ ಕ್ಷೇಮ.

ಆದ್ರೆ ಇಬ್ಬರು ಒಂದೇ ಫೈಲ್‌ಗೆ ಬರೆಯೋಕೆ ಬಂದ್ರೆ, ಲಾಕ್ ಯಾರ ಹತ್ರ ಇದೆ ಅಂತ ಯಾರಾದ್ರೂ ನೆನಪಿಡಲೇಬೇಕಲ್ವಾ? ಮೊದಲು ಅದಕ್ಕೆ ಬೇರೆಯೇ ಪ್ರೋಟೋಕಾಲ್ ಇತ್ತು. 2000ದಲ್ಲಿ ಬಂದ 4ನೇ ಆವೃತ್ತಿ ಲಾಕನ್ನ ಒಳಗೇ ಸೇರಿಸ್ಕೊಳ್ತು, ಸರ್ವರ್ ಲೆಕ್ಕ ಇಡೋಕೆ ಶುರು ಮಾಡ್ತು. ಇನ್ನೊಂದು ವಿಷಯ: ಲಿನಕ್ಸ್ ಕ್ಲೈಂಟ್ ವೇಗಕ್ಕೋಸ್ಕರ ಫೈಲಿನ ವಿವರಗಳನ್ನ ಸಾಮಾನ್ಯವಾಗಿ 3ರಿಂದ 60 ಸೆಕೆಂಡ್ ಕ್ಯಾಶ್‌ನಲ್ಲಿ ಇಟ್ಕೊಳ್ಳತ್ತೆ. ಇಲ್ಲಿ ಬದಲಾಯಿಸಿದ್ದು ಅಲ್ಲಿ ತಕ್ಷಣ ಕಾಣದೇ ಇರಬಹುದು.

ಆ ಒಂದು ಸ್ಟೋರೇಜ್ ಸರ್ವರೇ ಕೆಟ್ಟರೆ? ಮೂರೂ ವೆಬ್ ಸರ್ವರ್‌ಗಳು ನಿಲ್ತವೆ. ಗ್ಲಸ್ಟರ್‌ಎಫ್‌ಎಸ್ ಥರದ ವ್ಯವಸ್ಥೆಗಳು ಹುಟ್ಟಿದ್ದು ಅದಕ್ಕೇ. ಬೆಂಗಳೂರಲ್ಲೂ ಕಚೇರಿ ಇದ್ದ ಗ್ಲಸ್ಟರ್ ಕಂಪನಿಯನ್ನ 2011ರಲ್ಲಿ ರೆಡ್ ಹ್ಯಾಟ್ ಕೊಂಡ್ಕೊಳ್ತು. ಗ್ಲಸ್ಟರ್‌ಎಫ್‌ಎಸ್‌ನಲ್ಲಿ ಒಂದೊಂದು ಫೈಲಿಗೂ ಬೇರೆ ಬೇರೆ ಸರ್ವರ್‌ಗಳಲ್ಲಿ ಪ್ರತಿ ಇಡಬಹುದು. ಆದ್ರೆ ಎರಡೇ ಪ್ರತಿ ಇಟ್ಟು, ನಡುವೆ ನೆಟ್‌ವರ್ಕ್ ಕಡಿದ್ರೆ, ಎರಡೂ ಕಡೆ ಬೇರೆ ಬೇರೆ ಬರೆದು ‘ಸ್ಪ್ಲಿಟ್ ಬ್ರೈನ್’ ಆಗಬಹುದು. ಮೂರನೇ ಪ್ರತಿ ಇದ್ರೆ ಬಹುಮತ ನೋಡಿ ತೀರ್ಮಾನ ಮಾಡಬಹುದು.

ಹಾಗಾದ್ರೆ ಯಾವುದನ್ನ ಆರಿಸ್ಬೇಕು? ಫೋಟೋ, ಪಿಡಿಎಫ್ ಥರ ಒಮ್ಮೆ ಬರೆದು ನೂರು ಸಲ ಓದೋ ಫೈಲಿಗೆ ಎನ್‌ಎಫ್‌ಎಸ್ ಧಾರಾಳವಾಗಿ ಸಾಕು. ಸ್ಟೋರೇಜ್ ಸರ್ವರ್ ಕೆಟ್ಟು ನಿಂತರೆ ಸಹಿಸೋಕಾಗಲ್ಲ ಅನ್ನೋ ಕಡೆ ಪ್ರತಿಗಳಿರೋ ವ್ಯವಸ್ಥೆ ನೋಡಿ. ಎಸ್‌ಕ್ಯೂಎಲೈಟ್ ಡೇಟಾಬೇಸ್ ಫೈಲನ್ನಂತೂ ಹೀಗೆ ಹಂಚಬೇಡಿ. ಲಾಕ್ ತಪ್ಪಿದ್ರೆ ಒಂದು ಫೋಟೋ ಹೋದ ಹಾಗಲ್ಲ, ಇಡೀ ಡೇಟಾಬೇಸೇ ಕೆಡಬಹುದು.