ಹೊರದೇಶದ ವಿಧಾನ, ನಮ್ಮ ತರಗತಿ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

 

ವಿದೇಶಿ ಶಾಲೆಗಳ ಸಹಭಾಗಿತ್ವದಲ್ಲಿ ಶಿಕ್ಷಕರಿಗೆ ಹೊಸ ಬೋಧನಾ ವಿಧಾನಗಳ ತರಬೇತಿ ಎಂಬ ವಿಷಯದ ಮೇಲೆ ಮಾತಾಡಲು ಹೇಳಿದ್ದೀರಿ. ಕೊಡಂಬಲದಲ್ಲಿ ನಿಂತು ಇದನ್ನು ಮಾತಾಡಿದರೆ ಕೆಲವರಿಗೆ ನಗು ಬರಬಹುದು. ಆದರೆ ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ಇರಾನಿನ ಗೀಲಾನದಿಂದ ಬಂದ ಮಹಮೂದ್ ಗಾವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿ, ಹೊರದೇಶದ ವಿದ್ವಾಂಸರನ್ನು ಕರೆಸಿದರು. ಅದರ ಉಳಿದ ಮಿನಾರನ್ನು ಶಾಲಾ ಪ್ರವಾಸದಲ್ಲಿ ನೀವೆಲ್ಲ ನೋಡಿದ್ದೀರಿ.

ಈ ಕಾಲದ ಉದಾಹರಣೆ ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಋಷಿ ವ್ಯಾಲಿಗೆ ಹೋಗಿ ಬಂದರು. ಅಲ್ಲಿ ಕಂಡದ್ದನ್ನು ಹಾಗೇ ತಂದು ಹಚ್ಚಲಿಲ್ಲ. ಕನ್ನಡದ ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ ಗೋಡೆಗೆ ಕಲಿಕಾ ಏಣಿ ತೂಗುಹಾಕಿದರು. ಮಕ್ಕಳು ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಗುರುಗಳ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದು ತಾನೇ ಕಲಿಯುತ್ತದೆ. ಅಪ್ಪ ಅಮ್ಮನ ಜೊತೆ ಕೂಲಿಗೆಂದು ಹೈದರಾಬಾದಿಗೆ ಹೋಗಿ ತಿಂಗಳ ಮೇಲೆ ಬಂದ ಹುಡುಗ, ಎಲ್ಲಿ ಬಿಟ್ಟಿದ್ದನೋ ಆ ಮೆಟ್ಟಿಲಿಂದಲೇ ಮುಂದುವರಿಯಬಹುದು. ನಮ್ಮ ಭಾಗದ ಶಿಕ್ಷಕರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಋಷಿ ವ್ಯಾಲಿಯ ವಿಧಾನವನ್ನು ಜರ್ಮನಿಯ ರೆಗೆನ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಅಭ್ಯಾಸ ಮಾಡಿದರು. ಕಲಿಸಲು ಅವರು, ಕಲಿಯಲು ನಾವು ಎಂದು ಯಾರು ಹೇಳಿದರು?

ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ನಡೆಸಿದ ಟೆಸ್-ಇಂಡಿಯಾ ಯೋಜನೆಯಲ್ಲಿ ಕರ್ನಾಟಕವೂ ಇತ್ತು. ಅದರ ಸಾಮಗ್ರಿ ಕನ್ನಡದಲ್ಲೂ ಬಂದಿದೆ, ಓದಿ ನೋಡಿ. ಆದರೆ ಎರಡು ದೇಶದ ಧ್ವಜ ಹಿಡಿದು ಫೋಟೊ ತೆಗೆಸಿ, ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸುವ ಸಹಭಾಗಿತ್ವದಲ್ಲಿ ನನಗೆ ಆಸಕ್ತಿ ಇಲ್ಲ.

ನಮ್ಮ ತೊಂದರೆ ಬೇರೆ ತರಹದ್ದು. ಮನೆಯಲ್ಲಿ ದಖನಿ, ಪುಸ್ತಕದಲ್ಲಿ ಉರ್ದು, ಕಚೇರಿಯಲ್ಲಿ ಕನ್ನಡ. ಉರ್ದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. ಉರ್ದುವಿನಲ್ಲಿ ಳ ಇಲ್ಲ. ಎ, ಏ ಎಂದು ಎರಡು ಅಕ್ಷರವೂ ಇಲ್ಲ. ಹಾಗಾಗಿ 'ಬೆಳೆ'ಯೂ 'ಬೇಳೆ'ಯೂ ನಮ್ಮ ಮಗುವಿನ ಬಾಯಲ್ಲಿ ಒಂದೇ ಆಗುತ್ತವೆ. ಹೊಲದ ತೊಗರಿ ಬೆಳೆ, ಡಬ್ಬಿಯ ತೊಗರಿ ಬೇಳೆ ಎಂದು ಎರಡು ಚಿತ್ರ ಬರೆದು ತೋರಿಸಿದರೆ ತಿಳಿಯುತ್ತದೆ. ಕುರ್ಚಿ, ಕಾಗದ, ಜಮೀನು, ರಸ್ತೆ, ದವಾಖಾನೆ ಇವು ಮಗು ಮನೆಯಿಂದಲೇ ತರುವ ಮಾತುಗಳು. ಕನ್ನಡದ ಮೊದಲ ಕಾರ್ಡುಗಳು ಅಲ್ಲಿಂದ ಶುರುವಾಗಲಿ. ಇಂಥ ಕಾರ್ಡನ್ನು ಲಂಡನ್ನಿನವರು ಬರೆದು ಕಳಿಸುವುದಿಲ್ಲ, ಬೆಂಗಳೂರಿನವರೂ ಕಳಿಸುವುದಿಲ್ಲ. ಕನ್ನಡ ಬರದೆ ಎಸ್ಸೆಸ್ಸೆಲ್ಸಿಯಲ್ಲಿ ನಿಂತುಹೋದ ಹುಡುಗಿಯನ್ನು ಮನೆಯಲ್ಲಿ ಎರಡನೇ ಸಲ ಪರೀಕ್ಷೆಗೆ ಕೂರಿಸುತ್ತಾರೋ ಇಲ್ಲವೋ, ನಿಮಗೇ ಗೊತ್ತು.

ಜಪಾನಿನಲ್ಲಿ ಒಬ್ಬರು ಪಾಠ ಮಾಡುವಾಗ ಉಳಿದ ಶಿಕ್ಷಕರು ಹಿಂದೆ ಕೂತು, ಮಕ್ಕಳು ಹೇಗೆ ಕಲಿಯುತ್ತಾರೆಂದು ಬರೆದುಕೊಂಡು, ಆಮೇಲೆ ಚರ್ಚಿಸುವ ಪದ್ಧತಿ ಇದೆ. ಇದಕ್ಕೆ ವೀಸಾ ಬೇಡ. ಸಂಸ್ಥೆಯವರಲ್ಲಿ ನನ್ನ ವಿನಂತಿ: ತಿಂಗಳಿಗೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ತಾಸು, ಒಂದು ಕೋಣೆ, ದಪ್ಪ ಕಾಗದ, ಸ್ಕೆಚ್ ಪೆನ್ನು ಕೊಡಿ. ಹುಮನಾಬಾದ್, ಬಸವಕಲ್ಯಾಣದ ಉರ್ದು ಮತ್ತು ಕನ್ನಡ ಶಿಕ್ಷಕರನ್ನು ಒಟ್ಟಿಗೆ ಕರೆಯಿರಿ. ಕಾಲೇಜು ವಿದ್ಯಾರ್ಥಿಗಳೆ, ಚಿತ್ರ ಬಿಡಿಸಲು ಬರುವವರು ನೀವೂ ಬನ್ನಿ. ಮೊದಲ ಐವತ್ತು ಕಾರ್ಡು ರಮಜಾನಿನ ಮುಂಚೆ ಮುಗಿಸೋಣ.

ಖುದಾ ಹಾಫಿಜ್.