ಸನ್ನತಿಯ ನೆಲದೊಳಗಿನ ಕಲ್ಲುಗಳು

ಭೀಮಾನದಿಯ ತೀರದಲ್ಲಿ, ಕಲಬುರಗಿ ಜಿಲ್ಲೆಯೊಳಗೆ, ಸನ್ನತಿಯೆಂಬ ಗ್ರಾಮವಿರುವುದು. ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ಭಕ್ತರು ಬಹುಕಾಲದಿಂದ ಬಲ್ಲ ಊರು ಅದು. ಇಂದು ನಾವು ಶ್ರೋತೃಗಳ ಮುಂದಿಡಲಿರುವುದಾದರೋ ದೇವಿಯ ಮಹಿಮೆಯಲ್ಲ. ಆ ಸೀಮೆಯ ನೆಲವು ಒಡಲಲ್ಲಿ ಬಚ್ಚಿಟ್ಟುಕೊಂಡಿದ್ದ ಕಲ್ಲುಗಳ ವೃತ್ತಾಂತ.

1986ರಲ್ಲಿ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿದುಬಿದ್ದು ವಿಗ್ರಹವು ಭಗ್ನವಾಯಿತು. ಅನಂತರ ಪೀಠವಾಗಿದ್ದ ಚಪ್ಪಡಿಯನ್ನು ಪರೀಕ್ಷಿಸಲಾಗಿ, ಅದರ ಎರಡು ಮೈಯಲ್ಲಿಯೂ ಬ್ರಾಹ್ಮೀ ಅಕ್ಷರಗಳು ತುಂಬಿದ್ದುವು. ಅವು ಅಶೋಕನ ಧರ್ಮಲಿಪಿಗಳು: 12 ಮತ್ತು 14ನೆಯ ಶಿಲಾಶಾಸನಗಳ ಭಾಗಗಳು, ಅವುಗಳೊಡನೆ ಅದುವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳು. ವಿಗ್ರಹವನ್ನು ನಿಲ್ಲಿಸುವುದಕ್ಕೆಂದು ಹಿಂದೆ ಯಾವನೋ ಕಲ್ಲುಕುಟಿಗನು ಚಪ್ಪಡಿಯ ನಡುವೆ ಕುಳಿ ಕೊರೆದಿದ್ದನು. ಕುಳಿಯಷ್ಟು ಅಕ್ಷರಗಳು ಹೋದುವು. ಅವನನ್ನು ಹಳಿಯಲು ನಮಗೆ ಮನಸ್ಸು ಬಾರದು. ಆ ಲಿಪಿಯನ್ನು ಓದಬಲ್ಲವರು ಆಗ ಎಲ್ಲಿದ್ದರು? ಪೀಠವಾಗಿ ಪೂಜೆಯ ನೆರಳಿನಲ್ಲಿ ಇದ್ದುದರಿಂದಲೇ ಉಳಿದ ಅಕ್ಷರಗಳಾದರೂ ನಮಗೆ ದಕ್ಕಿದುವೆಂದು ಹೇಳಬಹುದು. ಹೋದುವನ್ನು ಕಳಿಂಗದ ಪ್ರತಿಗಳ ನೆರವಿನಿಂದ ವಿದ್ವಾಂಸರು ಬಹುಮಟ್ಟಿಗೆ ಊಹಿಸಬಲ್ಲರು.

ಅಲ್ಲಿಗೆ ಅನತಿದೂರದಲ್ಲಿಯೇ ಕನಗನಹಳ್ಳಿ. 1994ರಿಂದ ಮುಂದೆ ಕೆಲವು ವರ್ಷಗಳ ಕಾಲ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಅಲ್ಲಿ ಭೂಶೋಧನೆ ನಡೆಸಿದರು. ಮಣ್ಣು ಸರಿದಂತೆ ಸುಣ್ಣಕಲ್ಲಿನ ಚಪ್ಪಡಿಗಳ ಹೊದಿಕೆಯಿದ್ದ, ಶಾತವಾಹನರ ಕಾಲದಲ್ಲಿ ವೈಭವದಿಂದಿದ್ದ ಮಹಾಸ್ತೂಪವೊಂದು ಹೊರಬಂದಿತು. ಅದು ನಿಂತಿರಲಿಲ್ಲ, ಬಿದ್ದಿದ್ದಿತು. ಹೀಗೆ ಬಿದ್ದುದು ಶೋಧಕನಿಗೆ ಹಾನಿಯೊಂದೇ ಅಲ್ಲವೆಂಬುದನ್ನು ಶ್ರೋತೃಗಳು ಗಮನಿಸಬೇಕು. ಕಲ್ಲು ಬಿದ್ದ ಜಾಗವೂ, ಅದು ಬೋರಲಾಗಿದೆಯೋ ಅಂಗಾತವಾಗಿದೆಯೋ ಎಂಬುದೂ, ಅದರ ಕೆಳಗಣ ಮಣ್ಣಿನ ಪದರವೂ ಸಾಕ್ಷ್ಯಗಳೇ. ಅವನ್ನೆಲ್ಲ ಬರೆದುಕೊಳ್ಳದೆ ಒಂದು ಚಪ್ಪಡಿಯನ್ನೆತ್ತಿದರೆ, ಅದು ಸ್ತೂಪದ ಯಾವ ಪಾರ್ಶ್ವದ್ದೆಂದು ಮತ್ತೆ ಹೇಳುವವರಿಲ್ಲ. ಅಗೆಯುವವನು ತಾನೋದುವ ಪುಸ್ತಕದ ಹಾಳೆಗಳನ್ನು ಓದುತ್ತ ಓದುತ್ತ ಹರಿಯುತ್ತಲೇ ಹೋಗುವನು. ಎರಡನೆಯ ಪ್ರತಿ ಇಲ್ಲ.

ಆ ಚಪ್ಪಡಿಗಳಲ್ಲೊಂದರ ಮೇಲೆ ಒಬ್ಬ ರಾಜನು ರಾಣಿಯೊಡನೆ ನಿಂತಿರುವನು. ಪರಿವಾರದವರು ಛತ್ರಚಾಮರಗಳನ್ನು ಹಿಡಿದಿರುವರು. ಇಂತಹ ರಾಜರು ನಮ್ಮ ಹಳೆಯ ಶಿಲ್ಪಗಳಲ್ಲಿ ಎಷ್ಟೋ ಮಂದಿ. ಯಾರೆಂದು ಕೇಳಿದರೆ ಪಂಡಿತರು ಜಗಳವಾಡುವರು. ಇಲ್ಲಿ ಜಗಳಕ್ಕೆ ಎಡೆಯಿಲ್ಲ. ಪಕ್ಕದಲ್ಲಿಯೇ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂದು ಕೊರೆದಿದೆ. ಕೆತ್ತಿದವನು ಅಶೋಕನನ್ನು ಕಂಡವನಲ್ಲ, ನಿಜ. ಇಬ್ಬರಿಗೂ ನಡುವೆ ಶತಮಾನಗಳ ಅಂತರವಿದೆ. ಆದರೂ ಈ ನಾಡಿನ ಜನ ಅಷ್ಟು ಕಾಲದ ಮೇಲೂ ಆ ದೊರೆಯನ್ನು ಹೆಸರು ಹಿಡಿದು ನೆನೆಯುತ್ತಿದ್ದರೆಂಬುದು ಸಾಮಾನ್ಯ ಸಂಗತಿಯೇ? ಧರ್ಮಲಿಪಿಯೊಂದರಲ್ಲಿ ಅಶೋಕನ ಹೆಸರು ಮೊದಲು ಕಂಡುದೂ, 1915ರಲ್ಲಿ, ಕನ್ನಡ ನಾಡಿನ ಮಸ್ಕಿಯಲ್ಲಿಯೇ.

ಅಗೆತ ಮುಗಿದ ಮೇಲೆ ಬಹುವರ್ಷ ಈ ಶಿಲ್ಪಗಳಲ್ಲಿ ಹಲವು ಬಯಲಿನಲ್ಲಿಯೇ ಇದ್ದುವು. ಎರಡು ಸಾವಿರ ವರ್ಷಗಳಷ್ಟು ಹಳೆಯ ಗೆರೆಗಳನ್ನು ಮಣ್ಣು ಕಾಪಾಡಿತು; ಹೊರತೆಗೆದ ನಾವು ಒಂದು ಮಾಡನ್ನು ಹೊದಿಸಲು ತಡಮಾಡಿದೆವು. ಸುಣ್ಣಕಲ್ಲು ಮೃದು; ಮಳೆಯ ನೀರು ಅದನ್ನು ಮೆಲ್ಲಮೆಲ್ಲನೆ ತಿನ್ನುವುದು. ಹೊದಿಸುವ ವೆಚ್ಚವನ್ನು ಮೊದಲೇ ಕೈಯಲ್ಲಿಟ್ಟುಕೊಳ್ಳದೆ ಗುದ್ದಲಿ ಹಿಡಿಯಬಾರದೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಒಪ್ಪದವರೂ ಇರುವರು.

ನೋಡಬಯಸುವವರು ನಾಲವಾರದವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಸನ್ನತಿಯನ್ನು ಸೇರಬಹುದು. ಬೇಸಗೆಯಲ್ಲಿ ಮಾತ್ರ ಬೇಡ. ಆ ಸೀಮೆಯ ಬಿಸಿಲಿನಲ್ಲಿ ಕಾದ ಕಲ್ಲಿನ ಮೇಲೆ ಕೈಯಿಟ್ಟು ಅಕ್ಷರ ಓದುವುದು ಸಾಗದು.