ಅಕ್ಷರ ನುಂಗುವ ಯಂತ್ರ

ನನ್ನ ತಂದೆಯವರು ಗಮಕಿಗಳು. ಬಳ್ಳಾರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆಯ ಹೊತ್ತು ಅವರು ಕುಮಾರವ್ಯಾಸನನ್ನು ಓದುತ್ತಿದ್ದರೆ ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಹುಡುಗನಾಗಿದ್ದ ನನಗೂ ಅವರು ವಾಚನದ ಪಾಠ ಹೇಳಿದ್ದುಂಟು. ಆಟಕ್ಕೆ ಓಡುವ ಆತುರದಲ್ಲಿ ನಾನು ಷಟ್ಪದಿಯನ್ನು ಒಂದೇ ಉಸಿರಿಗೆ ಮುಗಿಸಹೊರಟಾಗ ಅವರು ಕೈಯೆತ್ತಿ ತಡೆದು, "ಬೇಗ ಹೇಳು, ಬೇಡ ಅನ್ನೋದಿಲ್ಲ, ಅಕ್ಷರ ಮಾತ್ರ ನುಂಗಬೇಡಪ್ಪ" ಎನ್ನುತ್ತಿದ್ದರು. ಈ ಮಾತು ಗಮಕಕ್ಕೆ ಮಾತ್ರ ಸಲ್ಲುವುದೆಂದು ನಾನು ಬಹುಕಾಲ ನಂಬಿದ್ದೆ. ಅದು ಗಣಕಯಂತ್ರಕ್ಕೂ ಸಲ್ಲುತ್ತದೆಂಬುದನ್ನು ಕಲಿಯಲು ನಾನು ತೆತ್ತ ಬೆಲೆ ಸಣ್ಣದಲ್ಲ. ಆ ಕಥೆಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಗಣಕಯಂತ್ರದೊಳಗೆ ಎಣಿಕೆಯ ಕೆಲಸವನ್ನು ಮಾಡುವುದು ಪ್ರೊಸೆಸರ್ ಎಂಬ ಸಿಲಿಕಾನ್ ಚಿಪ್. ಹೆಬ್ಬೆರಳಿನ ಉಗುರಿನಷ್ಟು ಅಗಲದ ಆ ತುಣುಕಿನಲ್ಲಿ ನೂರು ಕೋಟಿಯಷ್ಟು ಟ್ರಾನ್ಸಿಸ್ಟರುಗಳು, ಅಂದರೆ ಅತಿ ಸೂಕ್ಷ್ಮವಾದ ವಿದ್ಯುತ್ ಸ್ವಿಚ್ಚುಗಳು, ಅಡಗಿರುತ್ತವೆ. ಇಷ್ಟೊಂದು ಸ್ವಿಚ್ಚುಗಳು ಒಂದಾಗಿ ದುಡಿಯಬೇಕಾದರೆ ಎಲ್ಲಕ್ಕೂ ಒಂದೇ ತಾಳ ಬೇಕು. ತಾಳ ಹಾಕುವುದು ಒಂದು ಸ್ಫಟಿಕ; ಅದರಿಂದ ಪಡೆದ ಬಡಿತವನ್ನು ಚಿಪ್ ಇಂತಿಷ್ಟು ಪಟ್ಟು ಎಂದು ಗುಣಿಸಿಕೊಳ್ಳುತ್ತದೆ. 2011ರಲ್ಲಿ ಬಂದ ಇಂಟೆಲ್ ಕೋರ್ ಐ5-2500ಕೆ ಎಂಬ ಪ್ರೊಸೆಸರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಆಧಾರ ಬಡಿತ ಸೆಕೆಂಡಿಗೆ 10 ಕೋಟಿ, ಗುಣಕ 33. ಗುಣಿಸಿದರೆ ಸೆಕೆಂಡಿಗೆ 330 ಕೋಟಿ ಬಡಿತ, ಅಂದರೆ 3.3 ಗಿಗಾಹರ್ಟ್ಸ್. ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಣ ಅವಧಿಯಲ್ಲಿ ಬೆಳಕು ಕೂಡ ಹೋಗಬಲ್ಲದ್ದು ಕೇವಲ 9 ಸೆಂಟಿಮೀಟರ್ ದೂರ. ಅಷ್ಟರೊಳಗೆ ಒಂದೆಡೆಯಿಂದ ಹೊರಟ ಸಂಕೇತ ಹಲವು ಸ್ವಿಚ್ಚುಗಳನ್ನು ದಾಟಿ ತನ್ನ ನೆಲೆಯನ್ನು ಮುಟ್ಟಿರಬೇಕು. ಮುಟ್ಟದಿದ್ದರೆ ಯಂತ್ರ ಅಕ್ಷರ ನುಂಗಿತೆಂದೇ ಅರ್ಥ.

ಚಿಪ್ ತಯಾರಿಸುವವರು ಈ ತಾಳವನ್ನು ಸ್ವಲ್ಪ ಎಚ್ಚರಿಕೆಯಿಂದಲೇ ನಿಗದಿ ಮಾಡುತ್ತಾರೆ. ಒಂದೇ ಗೂಡಿನ ಮರಿಗಳಲ್ಲಿ ಒಂದು ಬಲಿಷ್ಠ, ಮತ್ತೊಂದು ದುರ್ಬಲ ಇರುವಂತೆ, ಒಂದೇ ಸಿಲಿಕಾನ್ ಹಾಳೆಯಿಂದ ಕತ್ತರಿಸಿದ ಚಿಪ್‌ಗಳಲ್ಲೂ ತಾರತಮ್ಯವಿರುತ್ತದೆ. ದುರ್ಬಲವಾದದ್ದೂ ಬೇಸಿಗೆಯ ಕೋಣೆಯಲ್ಲಿ ವರ್ಷಗಟ್ಟಲೆ ದುಡಿಯಬೇಕೆಂದು ಒಂದಿಷ್ಟು ಅಂಚನ್ನು ಬಿಟ್ಟೇ ವೇಗವನ್ನು ಗೊತ್ತುಮಾಡುತ್ತಾರೆ. ಈ ಅಂಚನ್ನು ತಾನೇ ಬಳಸಿಕೊಂಡು, ತಾಳವನ್ನು ನಿಗದಿಗಿಂತ ಮೇಲಕ್ಕೆ ಏರಿಸುವ ಹವ್ಯಾಸಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ಈ ಹವ್ಯಾಸವನ್ನು ಮನೆಮಾತಾಗಿಸಿತೆನ್ನಬಹುದು. ಅದರ ಗುಣಕವನ್ನು ಬದಲಿಸುವಂತಿರಲಿಲ್ಲ, ಅದು ನಾಲ್ಕೂವರೆ. ಆದರೆ ಆಧಾರ ಬಡಿತವನ್ನು 66 ಮೆಗಾಹರ್ಟ್ಸ್‌ನಿಂದ 100ಕ್ಕೆ ಏರಿಸಿದರೆ 300 ಇದ್ದ ವೇಗ 450 ಆಗುತ್ತಿತ್ತು. ಬಡವನ ಯಂತ್ರ ಧನಿಕನ ಯಂತ್ರದ ಸಮಕ್ಕೆ ನಿಲ್ಲುವ ಈ ಪವಾಡಕ್ಕೆ ಮನಸೋಲದ ತರುಣರು ಅಂದು ವಿರಳ.

ಆದರೆ ಪ್ರಕೃತಿ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ಸ್ವಿಚ್ಚು ಪ್ರತಿ ಸಲ ಬದಲಾಗುವಾಗಲೂ ಒಂದು ಕಣದಷ್ಟು ವಿದ್ಯುತ್ತು ಬಿಸಿಯಾಗಿ ಹೊರಬೀಳುತ್ತದೆ. ತಾಳ ಎಷ್ಟು ಪಟ್ಟು ಹೆಚ್ಚಿದರೆ ಬಿಸಿಯೂ ಅಷ್ಟು ಪಟ್ಟು ಹೆಚ್ಚುತ್ತದೆ. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಸಂಕೇತ ಬೇಗ ಓಡಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ಆ ಬಾಬ್ತಿನ ಬಿಸಿ ವೋಲ್ಟೇಜಿನ ವರ್ಗದಂತೆ ಏರುತ್ತದೆ. ಮೇಲೆ ಹೇಳಿದ ಪ್ರೊಸೆಸರನ್ನೇ 3.3ರಿಂದ 4.5 ಗಿಗಾಹರ್ಟ್ಸ್‌ಗೆ, 1.2 ವೋಲ್ಟಿನಿಂದ 1.35 ವೋಲ್ಟಿಗೆ ಏರಿಸಿದೆವೆನ್ನಿ. ವೇಗ ಹೆಚ್ಚಿದ್ದು ಶೇಕಡ 36. ಬಿಸಿ ಹೆಚ್ಚಿದ್ದು ಶೇಕಡ 70ಕ್ಕೂ ಮೀರಿ. 95 ವಾಟಿನ ಚಿಪ್ 160 ವಾಟ್‌ಗಳನ್ನು ಕಾರುತ್ತದೆ. ಹಳೆಯ ಕಾಲದ ಮೂರು ವಿದ್ಯುದ್ದೀಪಗಳ ಬಿಸಿಯನ್ನು ಒಂದು ಉಗುರಿನ ಅಗಲದಲ್ಲಿ ಕಲ್ಪಿಸಿಕೊಳ್ಳಿ.

ಈ ಬಿಸಿಯನ್ನು ಸಾಗಿಸಲು ನೀರನ್ನು ಕರೆಯುತ್ತಾರೆ. ಗಣಕಕ್ಕೂ ನೀರಿಗೂ ನಂಟು ಹೊಸದಲ್ಲ. 1980ರಲ್ಲಿ ಪ್ರಕಟವಾದ ಐಬಿಎಂ 3081 ಎಂಬ ದೊಡ್ಡ ಯಂತ್ರವನ್ನು ತಣಿಸುತ್ತಿದ್ದದ್ದು ನೀರೇ. 1985ರಲ್ಲಿ ಬಂದ ಕ್ರೇ-2 ಎಂಬ ಮಹಾಗಣಕದ ಮಂಡಲಗಳನ್ನಂತೂ ವಿದ್ಯುತ್ ಹರಿಯಗೊಡದ ಒಂದು ದ್ರವದಲ್ಲಿ ಪೂರ್ತಿಯಾಗಿ ಮುಳುಗಿಸಿಟ್ಟಿದ್ದರು. ಮನೆಯ ಯಂತ್ರದಲ್ಲಿ ಏರ್ಪಾಡು ಸರಳ. ಪ್ರೊಸೆಸರಿನ ನೆತ್ತಿಯ ಮೇಲೆ ಒಂದು ತಾಮ್ರದ ಬಿಲ್ಲೆ. ನಡುವಣ ಸಂದುಗಳಲ್ಲಿ ಗಾಳಿ ನಿಲ್ಲದಂತೆ ತೆಳುವಾಗಿ ಸವರಿದ ಲೇಪ. ಬಿಲ್ಲೆಯೊಳಗೆ ಕೂದಲಿನಂಥ ಸಣ್ಣ ಸಾಲುಗಳು. ಅವುಗಳ ನಡುವೆ ಪಂಪು ತಳ್ಳುವ ನೀರು. ಬಿಸಿಯನ್ನು ಹೊತ್ತ ನೀರು ಕೊಳವೆಯ ಮೂಲಕ ಮೋಟಾರಿನ ಮುಂಭಾಗದಲ್ಲಿರುವಂಥದೇ ಒಂದು ಪುಟ್ಟ ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿ ಫ್ಯಾನುಗಳು ಬಿಸಿಯನ್ನು ಕೋಣೆಯ ಗಾಳಿಗೆ ಒಪ್ಪಿಸುತ್ತವೆ. ನೀರು ಭಟ್ಟಿಯಿಳಿಸಿದ್ದಾಗಿರಬೇಕು, ತಾಮ್ರದ ಜೊತೆಗೆ ಅಲ್ಯೂಮಿನಿಯಂ ಕೂಡಿಸಬಾರದು, ಕೂಡಿಸಿದರೆ ಅಲ್ಯೂಮಿನಿಯಂ ಸವೆದುಹೋಗುತ್ತದೆ, ಪಾಚಿ ಕಟ್ಟದಂತೆ ನೋಡಿಕೊಳ್ಳಬೇಕು.

ನೀರಿನ ಶಕ್ತಿ ಅಚ್ಚರಿ ಹುಟ್ಟಿಸುವಂಥದು. ಸಮಗಾತ್ರದ ಗಾಳಿಗಿಂತ ನೀರು ಸುಮಾರು ಮೂರೂವರೆ ಸಾವಿರ ಪಟ್ಟು ಬಿಸಿಯನ್ನು ಹೊರಬಲ್ಲದು. ನಿಮಿಷಕ್ಕೆ ಒಂದು ಲೀಟರ್ ಹರಿದರೂ ಸಾಕು. 160 ವಾಟ್‌ಗಳನ್ನು ಹೊತ್ತ ನೀರು ಬಿಲ್ಲೆಯನ್ನು ದಾಟುವಾಗ ಎರಡೂವರೆ ಡಿಗ್ರಿಯಷ್ಟೂ ಬಿಸಿಯೇರುವುದಿಲ್ಲ. ಇಷ್ಟಾದರೂ ನೀರು ಕೂಲಿಯವನೇ ಹೊರತು ಯಜಮಾನನಲ್ಲ. ಅದು ಬಿಸಿಯನ್ನು ನಾಶಮಾಡುವುದಿಲ್ಲ. ಇಲ್ಲಿಂದ ಎತ್ತಿ ಅಲ್ಲಿ ಇಳಿಸುತ್ತದೆ. ಮಣ್ಣಿನ ಮಡಕೆಯ ನೀರು ಕೋಣೆಗಿಂತ ತಣ್ಣಗಿರುವುದು ಹೊರಮೈಯಲ್ಲಿ ಜಿನುಗಿ ಆವಿಯಾಗುವುದರಿಂದ. ಮುಚ್ಚಿದ ಕೊಳವೆಯ ನೀರಿಗೆ ಆ ದಾರಿಯಿಲ್ಲ. ಕೋಣೆ ಎಷ್ಟು ಬಿಸಿಯೋ ಅದಕ್ಕಿಂತ ತಣ್ಣಗೆ ಅದು ಎಂದಿಗೂ ಆಗಲಾರದು. ಇದು ಶಾಲೆಯ ಹುಡುಗನಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಗೊತ್ತಿದ್ದೂ ಮರೆತೆ.

ತಂದೆಯವರು ತೀರಿಕೊಂಡ ಮೇಲೆ ಮನೆಯಲ್ಲಿ ಅವರ ವಾಚನದ 62 ಕ್ಯಾಸೆಟ್‌ಗಳು ಉಳಿದಿದ್ದವು. ಕೆಲವಕ್ಕೆ ಬೂಸ್ಟು ಹಿಡಿದಿತ್ತು. 2012ರ ಕೊನೆಯಲ್ಲಿ ನಾನು ಅವನ್ನೆಲ್ಲ ಗಣಕಕ್ಕೆ ಇಳಿಸಲಾರಂಭಿಸಿದೆ. ಟೇಪಿನ ಗೊರಗೊರ ಸದ್ದನ್ನು ಸೋಸಿ, ಧ್ವನಿಯನ್ನು ಶುದ್ಧಗೊಳಿಸಿ, ಕಡತಗಳನ್ನು ಅಡಕಗೊಳಿಸಿಡುವ ಕೆಲಸ ಗಂಟೆಗಟ್ಟಲೆ ಹಿಡಿಯುತ್ತಿತ್ತು. ನನ್ನಲ್ಲಿದ್ದದ್ದು ಈವರೆಗೆ ವಿವರಿಸಿದ ಜಾತಿಯ ಪ್ರೊಸೆಸರೇ. ಬೇಗ ಮುಗಿಸುವ ಆಸೆಯಿಂದ ನೀರಿನ ಏರ್ಪಾಡನ್ನು ನನ್ನ ಕೈಯಾರೆ ಜೋಡಿಸಿ, ತಾಳವನ್ನು 4.5ಕ್ಕೆ ಏರಿಸಿದೆ. ಹಳೆಯ ಚಪಲವೇ ಹೊರತು ಮತ್ತೇನೂ ಅಲ್ಲ.

ಹೀಗೆ ಏರಿಸಿದ ಯಂತ್ರದ ಪ್ರಾಮಾಣಿಕತೆಯನ್ನು ಪರೀಕ್ಷಿಸಲು ಹವ್ಯಾಸಿಗಳು ಬಳಸುವ ಒಂದು ಸಾಧನವಿದೆ, ಹೆಸರು ಪ್ರೈಮ್95. ಅದು ಮೂಲತಃ ಗಣಿತಜ್ಞರ ಸೊತ್ತು. ಎರಡರ ಯಾವುದಾದರೊಂದು ಘಾತದಿಂದ ಒಂದನ್ನು ಕಳೆದಾಗ ದೊರೆಯುವ ಅವಿಭಾಜ್ಯ ಸಂಖ್ಯೆಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು. ಅವನ್ನು ಹುಡುಕಲು ಜಾರ್ಜ್ ವೋಲ್ಟ್‌ಮನ್ ಎಂಬುವರು 1996ರಲ್ಲಿ ಒಂದು ಸಹಕಾರಿ ಯೋಜನೆಯನ್ನು ಆರಂಭಿಸಿದರು. ಪ್ರೈಮ್95 ಅದರ ಆಯುಧ. ವಾರಗಟ್ಟಲೆ ನಡೆಯುವ ಗುಣಾಕಾರದಲ್ಲಿ ಒಂದೇ ಒಂದು ಅಂಕಿ ತಪ್ಪಿದರೂ ಎಲ್ಲವೂ ವ್ಯರ್ಥವಾದ್ದರಿಂದ, ಉತ್ತರ ಮೊದಲೇ ತಿಳಿದಿರುವ ಲೆಕ್ಕಗಳನ್ನು ಯಂತ್ರಕ್ಕೆ ಕೊಟ್ಟು ತಾಳೆ ನೋಡುವ ವ್ಯವಸ್ಥೆಯನ್ನು ಅದರಲ್ಲಿ ಸೇರಿಸಿದ್ದಾರೆ. ಡಿಸೆಂಬರಿನ ಒಂದು ರಾತ್ರಿ ನಾನು ಆ ಪರೀಕ್ಷೆಯನ್ನು ಹದಿನೈದು ನಿಮಿಷ ನಡೆಸಿದೆ. ಕೋಣೆ 24 ಡಿಗ್ರಿ; ಪ್ರೊಸೆಸರ್ 64 ಡಿಗ್ರಿ. ಒಂದೂ ತಪ್ಪಿಲ್ಲ. ತೃಪ್ತನಾಗಿ ಕೆಲಸಕ್ಕೆ ಹಚ್ಚಿದೆ.

ಕೆಲಸ ಏಪ್ರಿಲ್‌ವರೆಗೂ ನಡೆಯಿತು. ಡಿಸ್ಕಿನಲ್ಲಿ ಜಾಗ ಸಾಲದೆಂದು, ಅಡಕಗೊಳಿಸಿದ ಮೇಲೆ ಮೂಲ ಧ್ವನಿಯನ್ನು ಅಳಿಸುತ್ತ ಹೋದೆ. ಬೂಸ್ಟು ಹಿಡಿದ ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕಿದೆ. ಆ ವರ್ಷ ದೀಪಾವಳಿಗೆ ಬಂದ ತಂಗಿ, "ಅಣ್ಣ, ಅಪ್ಪ ಓದಿದ ಕರ್ಣಪರ್ವ ಹಾಕು" ಎಂದಳು. ಕಡತ ತೆರೆಯಲಿಲ್ಲ. ಒಳಗಿನ ಮಾಹಿತಿಗೂ ಅದರ ತಾಳೆಯ ಸಂಖ್ಯೆಗೂ ಹೊಂದಿಕೆಯಿಲ್ಲವೆಂದು ಯಂತ್ರ ಶಾಂತವಾಗಿ ತಿಳಿಸಿತು. ಆ ರಾತ್ರಿ 62 ಕಡತಗಳನ್ನೂ ಪರೀಕ್ಷಿಸಿದೆ. ಐದು ಕೆಟ್ಟಿದ್ದವು. ಐದೂ ಏಪ್ರಿಲ್ ತಿಂಗಳಲ್ಲಿ ಸಿದ್ಧಗೊಳಿಸಿದವು. ಐದರ ಕ್ಯಾಸೆಟ್‌ಗಳೂ ಗುಜರಿಗೆ ಹೋದವು.

ನಡೆದದ್ದು ಏನೆಂಬುದನ್ನು ಲೆಕ್ಕ ಹಾಕಲು ಕಷ್ಟವಾಗಲಿಲ್ಲ. ಬಳ್ಳಾರಿಯ ಏಪ್ರಿಲ್‌ನಲ್ಲಿ ನನ್ನ ಕೋಣೆ 38 ಡಿಗ್ರಿ. ಡಿಸೆಂಬರಿಗಿಂತ ಹೆಚ್ಚಾದ ಆ 14 ಡಿಗ್ರಿಯನ್ನು ನೀರು ಚಾಚೂ ತಪ್ಪದೆ ಪ್ರೊಸೆಸರಿಗೆ ತಲುಪಿಸಿತ್ತು. ಬಿಸಿಯೇರಿದಂತೆ ಚಿಪ್ಪಿನೊಳಗಿನ ಲೋಹದ ಎಳೆಗಳ ರೋಧ ಹೆಚ್ಚುತ್ತದೆ, ಸ್ವಿಚ್ಚುಗಳು ಜಡವಾಗುತ್ತವೆ. ನಾನಾದರೋ ತಾಳವನ್ನು ಅಂಚಿನವರೆಗೆ ಒಯ್ದಿದ್ದೆ. ಎಲ್ಲೋ ಒಂದು ಸಂಕೇತ ಬಡಿತಕ್ಕೆ ಮುಂಚೆ ನೆಲೆ ಮುಟ್ಟಲಿಲ್ಲ. ನನ್ನ ಪರೀಕ್ಷೆಯಾದರೂ ಎಂಥದು? ಕೊಳವೆಯಲ್ಲಿ ಸುತ್ತುವ ಒಂದು ಲೀಟರ್ ನೀರು ತನ್ನ ಸ್ಥಿರವಾದ ಉಷ್ಣತೆಗೆ ಬರಲು ಅರ್ಧ ಗಂಟೆಯಾದರೂ ಬೇಕು. ನಾನು ಕಾದದ್ದು ಅದರರ್ಧ. ಅದೂ ಚಳಿಗಾಲದ ರಾತ್ರಿಯಲ್ಲಿ. ಗಿರಾಕಿಯೆದುರು ಅಂಗಡಿಯವನು ತಕ್ಕಡಿಯನ್ನು ತೋರಿಸಿದ ಹಾಗೆ ನನಗೆ ನಾನೇ ತೋರಿಸಿಕೊಂಡಿದ್ದೆ.

ಇದರಲ್ಲಿ ನನಗೆ ಮುಖ್ಯವೆಂದು ಕಾಣುವ ಅಂಶ ಒಂದೇ. ಅತಿವೇಗದ ಯಂತ್ರ ಹೊತ್ತಿ ಉರಿಯುತ್ತದೆಂದು ಜನ ಹೆದರುತ್ತಾರೆ. ಆ ಹೆದರಿಕೆ ಅಷ್ಟಾಗಿ ಬೇಕಿಲ್ಲ. ಇಂದಿನ ಪ್ರೊಸೆಸರುಗಳು ನೂರು ಡಿಗ್ರಿಯ ಆಸುಪಾಸಿಗೆ ಬಂದರೆ ತಾವೇ ತಾಳವನ್ನು ತಗ್ಗಿಸಿಕೊಳ್ಳುತ್ತವೆ, ಮೀರಿದರೆ ನಿಂತುಹೋಗುತ್ತವೆ. ಆದರೆ ಸುಡುವುದಕ್ಕೆ ಎಷ್ಟೋ ಮುಂಚೆ ಯಂತ್ರ ಸುಳ್ಳು ಹೇಳತೊಡಗುತ್ತದೆ. ಹೊಗೆಯಿಲ್ಲ, ಸದ್ದಿಲ್ಲ; ಪರದೆಯ ಮೇಲೆ ಎಲ್ಲವೂ ಸುಗಮ. ಸಾವಿರಾರು ಕೋಟಿ ಸರಿಯುತ್ತರಗಳ ನಡುವೆ ಒಂದು ತಪ್ಪುತ್ತರ. ಅದನ್ನು ಕಂಡುಹಿಡಿಯುವ ಹೊಣೆ ವೇಗವನ್ನು ಬಯಸಿದವನದು.

ಈ ಗೋಡೆಗೆ ಡಿಕ್ಕಿ ಹೊಡೆದದ್ದು ನನ್ನಂಥ ಹವ್ಯಾಸಿ ಮಾತ್ರವಲ್ಲ. ಟ್ರಾನ್ಸಿಸ್ಟರು ಚಿಕ್ಕದಾದಂತೆ ವೋಲ್ಟೇಜೂ ತಗ್ಗಿ ಬಿಸಿ ಹದ್ದಿನಲ್ಲಿರುತ್ತದೆಂದು ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಮೂವತ್ತು ವರ್ಷ ಉದ್ಯಮ ಆ ಭರವಸೆಯ ಮೇಲೆ ನಡೆಯಿತು. ಅನಂತರ ವೋಲ್ಟೇಜನ್ನು ಮೊದಲಿನಂತೆ ತಗ್ಗಿಸುವುದು ಸಾಧ್ಯವಾಗಲಿಲ್ಲ. ಪೆಂಟಿಯಂ 4ನ್ನು 4 ಗಿಗಾಹರ್ಟ್ಸ್‌ಗೆ ಒಯ್ಯುವ ಯೋಜನೆಯನ್ನು ಇಂಟೆಲ್ 2004ರಲ್ಲಿ ಕೈಬಿಟ್ಟಿತು. ಒಬ್ಬನನ್ನು ಇನ್ನೂ ವೇಗವಾಗಿ ಓಡಿಸುವ ಬದಲು ಹಲವರನ್ನು ಒಟ್ಟಿಗೆ ನಡೆಸುವ ಮಾರ್ಗ, ಅಂದರೆ ಒಂದೇ ಚಿಪ್ಪಿನಲ್ಲಿ ಹಲವು ಕೋರ್‌ಗಳನ್ನಿಡುವ ಮಾರ್ಗ, ಬಂದದ್ದು ಹೀಗೆ. ಸಾಹಸಿಗಳು ಮಾತ್ರ ನಿಲ್ಲಲಿಲ್ಲ. ಸೊನ್ನೆಗಿಂತ 269 ಡಿಗ್ರಿ ಕೆಳಗೆ ಕುದಿಯುವ ದ್ರವ ಹೀಲಿಯಂ ಸುರಿದು 2011ರಲ್ಲಿ ಎಎಂಡಿ ಪ್ರೊಸೆಸರೊಂದನ್ನು 8.4 ಗಿಗಾಹರ್ಟ್ಸ್‌ಗೂ, 2022ರಲ್ಲಿ ಇಂಟೆಲ್ ಪ್ರೊಸೆಸರೊಂದನ್ನು 9 ಗಿಗಾಹರ್ಟ್ಸ್‌ಗೂ ಮುಟ್ಟಿಸಿದರು. ಆದರೆ ಅದು ಕ್ಷಣಗಳ ಕುಸ್ತಿ, ಸಂಸಾರವಲ್ಲ.

ಈಗ ಈ ಹವ್ಯಾಸದ ಸ್ವರೂಪವೇ ಬದಲಾಗಿದೆ. ಅಂಚಿನವರೆಗೂ ಹೋಗುವ ಕೆಲಸವನ್ನು ಪ್ರೊಸೆಸರುಗಳು ತಾವೇ ಕಲಿತಿವೆ. 2022ರಲ್ಲಿ ಬಂದ ಎಎಂಡಿ ರೈಜೆನ್ 7000 ಸರಣಿಯನ್ನು ಪೂರ್ಣ ದುಡಿಮೆಯಲ್ಲಿ 95 ಡಿಗ್ರಿಯವರೆಗೆ ಏರುವಂತೆಯೇ ರೂಪಿಸಿದ್ದಾರೆ. ಬಲ್ಲವರು ವೋಲ್ಟೇಜನ್ನು ಏರಿಸುವುದರ ಬದಲು ಇಳಿಸಲು ನೋಡುತ್ತಾರೆ. ತುಸು ವೇಗವನ್ನು ಬಿಟ್ಟುಕೊಟ್ಟರೆ ಬಿಸಿ ಬಹುವಾಗಿ ತಗ್ಗುತ್ತದೆ. ವರ್ಗದ ಲೆಕ್ಕ ಇಳಿಯುವಾಗಲೂ ಅಷ್ಟೇ ನಿಷ್ಠೆಯಿಂದ ನಡೆಯುತ್ತದಲ್ಲವೆ? ನಾನೂ ನನ್ನ ಯಂತ್ರವನ್ನು 4ಕ್ಕೆ ಇಳಿಸಿ, ಬೇಸಿಗೆಯ ನಡುಹಗಲಿನಲ್ಲಿ ಇಡೀ ದಿನ ಪರೀಕ್ಷಿಸಿ, ಅದು ನಿವೃತ್ತಿಯಾಗುವವರೆಗೂ ಹಾಗೆಯೇ ದುಡಿಸಿದೆ. ಪ್ರತಿ ಕಡತವನ್ನೂ ಅಡಕಗೊಳಿಸಿದ ಮೇಲೆ ತೆರೆದು ತಾಳೆ ನೋಡುವ, ತಾಳೆಯಾಗುವವರೆಗೂ ಮೂಲವನ್ನು ಅಳಿಸದಿರುವ ಪದ್ಧತಿ ಅಂದಿನಿಂದ ಬಂತು.

ತಂದೆಯವರ 57 ವಾಚನಗಳು ಈಗ ಮೂರು ಕಡೆ ಭದ್ರವಾಗಿವೆ. ತಂಗಿಯ ಮಗಳು ಅವನ್ನು ಕೇಳಿಯೇ ಗಮಕ ಕಲಿಯುತ್ತಿದ್ದಾಳೆ. ಅವಳು ಅವಸರ ಮಾಡಿದಾಗ ಕೈಯೆತ್ತಿ ತಡೆಯುವವನು ಈಗ ನಾನು. ತೆರೆಯಲಾರದ ಆ ಐದು ಕಡತಗಳನ್ನು ಮಾತ್ರ ಅಳಿಸಿಲ್ಲ. ಪಟ್ಟಿಯಲ್ಲಿ ಅವುಗಳ ಹೆಸರು ಹಾಗೆಯೇ ಇವೆ, ಕರ್ಣಪರ್ವದ ಹೆಸರೂ ಸೇರಿ.